ಮಣಿಕಟ್ಟಿನ ಹಸಿರು ದೀಪ

ಅವ್ವನ ಬೆನ್ನಿಗೆ ಮುಲಾಮು ಹಚ್ಚುವ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಮಾತಿರುತ್ತಿರಲಿಲ್ಲ. ಅವಳು ಗೋಡೆಯತ್ತ ಮುಖ ಮಾಡಿ, ಕುಪ್ಪಸ ಸಡಿಲಿಸಿ, ಸೆರಗನ್ನು ಎದೆಗೆ ಅವುಚಿಕೊಂಡು ಕೂರುತ್ತಿದ್ದಳು. ನಾನು ಕೈ ತೊಳೆದು ಒಣಬಟ್ಟೆಗೆ ಒರೆಸಿಕೊಂಡು, ಬೆರಳ ತುದಿಯಲ್ಲಿ ಬೇಕಾದಷ್ಟೇ ಮುಲಾಮು ತೆಗೆದು, ಗಾಯದ ಅಂಚಿನಿಂದ ಒಳಕ್ಕೆ ಸವರುತ್ತಿದ್ದೆ. ಉಜ್ಜುವ ಹಾಗಿರಲಿಲ್ಲ. ಉಜ್ಜಿದರೆ ಚರ್ಮ ಹಾಲಿನ ಕೆನೆಯಂತೆ ಬೆರಳಿಗೇ ಬಂದುಬಿಡುತ್ತಿತ್ತು. ಎಡ ಹೆಗಲಮೂಳೆಯ ಕೆಳಗೆ ಅಂಗೈಯಗಲದ ಚೌಕ ಅದು. ನಡುವೆ ಕಂದು, ಸುತ್ತ ಕೆಂಪು, ಅಂಚು ಮಾತ್ರ ಪಟ್ಟಿ ಹಿಡಿದು ಗೆರೆ ಎಳೆದಷ್ಟು ನೇರ.

ಒಂದು ದಿನ ಹೀಗೆ ಹಚ್ಚುವಾಗ ಅವಳ ಎಡ ಮಣಿಕಟ್ಟಿನಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯವರು ಕಟ್ಟಿ ಕಳಿಸಿದ ಪಟ್ಟಿ ಇತ್ತು. ನೋಡಲು ಗಡಿಯಾರದ ಪಟ್ಟಿಯಂತೆಯೇ. ನಡುವೆ ಸಾಸಿವೆ ಕಾಳಿನಷ್ಟು ಒಂದು ದೀಪ. ಎದೆಬಡಿತ ಏರುಪೇರಾದರೆ ಕೆಂಪು, ಒಂದೇ ಸಮನಾದರೆ ಹಸಿರು. ನಾನು ಮುಲಾಮು ಹಚ್ಚಿ ಮುಗಿಸುವವರೆಗೂ ಅದು ಕೆಂಪಗೇ ಉರಿಯಿತು. ಗಾಯದ ನೋವಿಗೆ ಹಾಗಾಗಿರಬೇಕು ಎಂದುಕೊಂಡೆ.

ಗಾಯ ಬಂದದ್ದು ಹೋದ ವರ್ಷ. ಅವ್ವನ ಹೃದಯದ ಒಂದು ರಕ್ತನಾಳ ಪೂರ್ತಿ ಕಟ್ಟಿಕೊಂಡಿತ್ತು. ಬೇರೊಂದು ಊರಿನ ಆಸ್ಪತ್ರೆಯಲ್ಲಿ, ಹಳೆಯ ಯಂತ್ರದ ಮೇಲೆ ಮುಂಜಾನೆ ಮಲಗಿಸಿದವಳನ್ನು ಮಧ್ಯಾಹ್ನ ದಾಟಿದ ಮೇಲೆ ಎಬ್ಬಿಸಿದ್ದರು. ನಾಳದೊಳಗೆ ತಂತಿ ನೂಕುವವರಿಗೆ ದಾರಿ ಕಾಣಬೇಕು. ದಾರಿ ಕಾಣಬೇಕೆಂದರೆ ಎಕ್ಸ್‌-ರೇ ಕಿರಣ ಬೀಳುತ್ತಲೇ ಇರಬೇಕು. ಅದು ಬೆನ್ನಿನಿಂದ ಹೊಕ್ಕು ಎದೆಯಿಂದ ಹೊರಡುತ್ತದೆ. ಅಷ್ಟು ಹೊತ್ತೂ ಬೆನ್ನಿನ ಒಂದೇ ಜಾಗದಲ್ಲಿ ಹೊಕ್ಕಿತ್ತು. ನಾಳ ಅರ್ಧ ತೆರೆಯಿತು, ಅರ್ಧ ಹಾಗೆಯೇ ಉಳಿಯಿತು. ಮನೆಗೆ ಬಂದು ಕೆಲವು ವಾರ ಏನೂ ಇರಲಿಲ್ಲ. ಆಮೇಲೆ ಬೆನ್ನು ಕೆಂಪಾಯಿತು.

ಬೆಟಗೇರಿಯ ನಮ್ಮ ಓಣಿಯವರು ಅದನ್ನು ಸರ್ಪಸುತ್ತು ಎಂದರು. ಎದೆಗೆ ಮಾಡಿದ್ದು ಬೆನ್ನಿಗೆ ಬಂದೀತೆಂದು ಯಾರಿಗೂ ಹೊಳೆಯಲಿಲ್ಲ. ಕೆಮ್ಮಣ್ಣು ಹಚ್ಚುವ ಅಜ್ಜನೊಬ್ಬನ ಬಳಿಗೆ ರವಿವಾರ ರವಿವಾರ ಹೋದೆವು. ಹಾವಿನ ತಲೆಯೂ ಬಾಲವೂ ಕೂಡಬಾರದೆಂದು ಅವನು ಗಾಯದ ಸುತ್ತ ಮಣ್ಣಿನ ಗೆರೆ ಎಳೆದು ಮಂತ್ರ ಹೇಳಿದ. ಒಣಗಿದ ಮಣ್ಣನ್ನು ಮನೆಯಲ್ಲಿ ನಾನು ನೀರು ಹನಿಸಿ ಬಿಡಿಸುವಾಗ ಅವ್ವ ಹಲ್ಲು ಕಚ್ಚುತ್ತಿದ್ದಳು. ಅಲ್ಲಿಗೆ ಕರೆದುಕೊಂಡು ಹೋದವಳು ಫಕೀರವ್ವ.

ಫಕೀರವ್ವ ನಮ್ಮ ಬಳಗವಲ್ಲ. ಆದರೂ ಅವಳನ್ನು ಚಿಗವ್ವ ಎಂದು ಕರೆಯಲು ಅವ್ವ ಕಲಿಸಿದ್ದಳು. ಇಬ್ಬರೂ ಸೇರಿ ಓಣಿಯ ಮೂಲೆಯಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದರು. ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಜೋಳದ ರೊಟ್ಟಿ ಅಲ್ಲಿಂದಲೇ ಹೋಗುತ್ತಿತ್ತು. ಅವ್ವ ಬಡಿಯುವವಳು, ಫಕೀರವ್ವ ಬೇಯಿಸುವವಳು. ಅವ್ವನ ಕೈಯಲ್ಲಿ ರೊಟ್ಟಿ ಎದ್ದಾಗ ಹಂಚು ಖಾಲಿಯಾಗಿರಬೇಕು, ಹಂಚು ಖಾಲಿಯಾದಾಗ ರೊಟ್ಟಿ ಎದ್ದಿರಬೇಕು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಆದರೆ ಎಂದೂ ತಪ್ಪುತ್ತಿರಲಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ನಾನೂ ಅಲ್ಲಿಗೇ ಹೋದೆ. ನನಗೆ ಸಿಕ್ಕಿದ್ದು ಅವರಿಬ್ಬರ ಹಿಂದೆ ಕೂತು ಹಿಟ್ಟು ನಾದುವ ಕೆಲಸ. ಒಮ್ಮೆ ಫಕೀರವ್ವಗೆ ಜ್ವರ ಬಂದಾಗ ಹಂಚಿನ ಮುಂದೆ ನಾನು ಕೂತೆ. ಒಂದೋ ಅವ್ವ ರೊಟ್ಟಿ ಹಿಡಿದು ನನಗಾಗಿ ಕಾಯಬೇಕು, ಇಲ್ಲವೇ ನಾನು ಹಂಚು ಸುಡುತ್ತ ಅವಳಿಗಾಗಿ ಕಾಯಬೇಕು. ಊಟದ ಹೊತ್ತಿಗೆ ಅವ್ವ, ಹಿಟ್ಟು ನಾದುವುದೇ ಸಾಕು ಎದ್ದೇಳು ಎಂದಳು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಹುಬ್ಬಳ್ಳಿಯ ಡಾಕ್ಟರ್ ಹಂಪಿಹೊಳಿ ಮೇಡಂ ಅವ್ವನ ಬೆನ್ನನ್ನು ನೋಡಿದ ಕೂಡಲೇ ಕೇಳಿದ್ದು, ಹೋದ ಸಲ ಎಷ್ಟು ಹೊತ್ತು ಮಲಗಿಸಿದ್ದರು ಎಂದು. ಇದು ಸರ್ಪವಲ್ಲ, ಕಿರಣ ಸುಟ್ಟ ಗಾಯ ಎಂದು ತಿಳಿಸಿ ಹೇಳಿದರು. ಉಳಿದರ್ಧ ನಾಳವನ್ನು ತೆರೆಯದೆ ವಿಧಿಯಿಲ್ಲ. ಅವ್ವನಿಗೆ ನಲ್ಲಿಯವರೆಗೆ ನಡೆದರೂ ಎದೆ ಹಿಡಿಯುತ್ತಿತ್ತು. ಆದರೆ ಈ ಬೆನ್ನು ಇನ್ನೊಂದು ಸಲ ಅಷ್ಟು ಕಿರಣ ತಿಂದರೆ ಚರ್ಮ ಮೂಳೆಯವರೆಗೆ ತೆರೆದುಕೊಂಡು, ಮತ್ತೆ ಕೂಡದೇ ಹೋಗಬಹುದು. ಬೇರೆ ಕೋನದಿಂದ ನೋಡೋಣವೆಂದರೆ ಆ ನಾಳ ಸರಿಯಾಗಿ ಕಾಣುವುದೇ ಆ ಕೋನದಿಂದ.

ಅದಕ್ಕೇ ಹೊಸ ಯಂತ್ರ. ಎರಡು ಬಡಿತಗಳ ನಡುವೆ ಹೃದಯ ಒಂದು ಕ್ಷಣ ಅಲುಗದೆ ನಿಲ್ಲುತ್ತದಂತೆ. ಅಂಥ ಮುಂದಿನ ಕ್ಷಣ ಯಾವಾಗ ಬರುತ್ತದೆಂದು ಮೊದಲೇ ಗೊತ್ತಿದ್ದರೆ, ಯಂತ್ರ ಆಗ ಮಾತ್ರ ಒಂದೇ ಒಂದು ಚಿತ್ರ ತೆಗೆದುಕೊಂಡು, ನಡುವಿನದನ್ನೆಲ್ಲ ತಾನೇ ಊಹಿಸಿ ತೋರಿಸುತ್ತದೆ. ಮಳೆ ಸುರಿಯುವ ಕಡೆ ಹನಿ ಬಿದ್ದ ಹಾಗೆ, ಅಷ್ಟು ಕಡಿಮೆ ಕಿರಣ. ಆದರೆ ಬಡಿತ ಒಂದೇ ಸಮನಿರಬೇಕು. ತಪ್ಪಿದರೆ ಯಂತ್ರಕ್ಕೆ ಅಂದಾಜು ಸಿಗದೆ ಹಳೆಯದರಂತೆ ಒಂದೇ ಸವನೆ ಉರಿಯುತ್ತದೆ. ಬಡಿತ ಹದಕ್ಕೆ ತರುವ ಮದ್ದು ಅವ್ವನ ದಮ್ಮಿಗೆ ಆಗಿಬರುತ್ತಿರಲಿಲ್ಲ. ಅಂಥವರಿಗೆ ಉಳಿದ ದಾರಿ ಒಂದೇ: ಆಸರೆ.

ಆಸರೆ ಎಂದರೆ ಒಬ್ಬ ಮನುಷ್ಯ. ಯಾರು ಹತ್ತಿರ ಕೂತು ಕೈ ಹಿಡಿದರೆ ರೋಗಿಯ ಬಡಿತ ತಾನಾಗಿ ಹದಕ್ಕೆ ಬರುತ್ತದೋ ಅವರು. ಅದು ಯಾರೆಂದು ತಿಳಿಯಲೆಂದೇ ಪಟ್ಟಿ ಕಟ್ಟಿ ಮನೆಗೆ ಕಳಿಸುತ್ತಿದ್ದರು.

ಆ ಪುಟ್ಟ ದೀಪ ಬಂದ ಮೇಲೆ ನಮ್ಮ ಕಡೆ ಎಷ್ಟು ಮನೆಗಳಲ್ಲಿ ಮಾತುಕತೆ ನಿಂತಿತೋ. ನರಗುಂದದ ಕಡೆಯ ಮುದುಕನೊಬ್ಬನಿಗೆ ಗಂಡುಮಕ್ಕಳೆಲ್ಲ ಸರದಿಯಲ್ಲಿ ಕೂತರೂ ಕೆಂಪು. ಕ್ಷೌರದವನು ಬಂದು ಗಲ್ಲ ಹಿಡಿದ ಕೂಡಲೇ ಹಸಿರಂತೆ. ಲಕ್ಷ್ಮೇಶ್ವರದ ಮಾಸ್ತರರೊಬ್ಬರಿಗೆ ಹೆಂಡತಿಯ ತಂಗಿ ಕೂತಾಗ ಹಸಿರಾಯಿತು. ಆ ಹೆಂಡತಿ ಗಂಡನ ನಾಳ ತೆರೆಯುವವರೆಗೆ ಎದುರಿಗೇ ನಿಂತಿದ್ದು, ಮರುದಿನ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಆಸ್ಪತ್ರೆಯ ಹಾಲ್‌ನಲ್ಲಿ ಕೂತವರು ರೋಗಿ ಹೇಗಿದ್ದಾರೆಂದು ಕೇಳುವುದನ್ನೇ ಬಿಟ್ಟಿದ್ದರು. ಆಸರೆ ಯಾರು ಎಂದು ಕೇಳುತ್ತಿದ್ದರು. ನಾನು ಎಂದವರ ಮುಖ ನೋಡಬೇಕಿತ್ತು.

ಮುಲಾಮು ಹಚ್ಚುವಾಗ ದೀಪ ಕೆಂಪಗೆ ಉರಿದ ಆ ದಿನವೇ ಸಂಜೆ ಫಕೀರವ್ವ ಬಂದಳು. ಚಪ್ಪಲಿ ಬಿಡುತ್ತಲೇ ಖಾನಾವಳಿಯವನನ್ನು ಬೈಯಲು ಶುರು ಮಾಡಿ, ಅವ್ವನ ಹಾಸಿಗೆಯ ಮೇಲೆ ಧೊಪ್ಪನೆ ಕೂತು, ಎಲೆ ಅಡಿಕೆ ಚೀಲ ಬಿಚ್ಚಿದಳು. ಬೆನ್ನು ಹೇಗಿದೆ ಎಂದು ಒಂದು ಮಾತೂ ಕೇಳಲಿಲ್ಲ. ನಾನು ನೀರು ತರಲು ಎದ್ದೆ. ತಿರುಗಿ ಬಂದಾಗ ಅವ್ವನ ಮಣಿಕಟ್ಟಿನಲ್ಲಿ ಹಸಿರು ಉರಿಯುತ್ತಿತ್ತು.

ಅವ್ವ ಅದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮೆಲ್ಲಗೆ, ಸೊಳ್ಳೆ ಓಡಿಸುವವಳಂತೆ, ಸೆರಗಿನ ತುದಿಯನ್ನು ಕೈಯ ಮೇಲೆ ಎಳೆದುಕೊಂಡಳು. ಒಗೆದು ಒಗೆದು ತೆಳುವಾದ ಸೀರೆ ಅದು. ಬಟ್ಟೆಯೊಳಗಿಂದಲೂ ಹಸಿರು ಕಾಣುತ್ತಲೇ ಇತ್ತು.

ಕೈಯಲ್ಲಿ ಚಂಬು ಹಿಡಿದು ನಿಂತಿದ್ದ ನನಗೆ, ಆ ನೀರನ್ನು ಫಕೀರವ್ವಗೆ ಕೊಡಬೇಕೋ ನೆಲಕ್ಕೆ ಚೆಲ್ಲಬೇಕೋ ತಿಳಿಯಲಿಲ್ಲ. ಗಾಯ ತೊಳೆದವಳು ನಾನು. ಕೀವು ಹತ್ತಿದ ಬಟ್ಟೆ ಕುದಿಸಿದವಳು ನಾನು. ಅವ್ವ ಮಗ್ಗಲು ಬದಲಿಸಿದರೆ ಎದ್ದು ಕೂರುವವಳು ನಾನು. ಬೆನ್ನಿಗೆ ಕೆಮ್ಮಣ್ಣು ಮೆತ್ತಿಸಿದವಳಿಗೆ ಹಸಿರು.

ಮರುದಿನ ನಾನೇ ರೊಟ್ಟಿ ಕೇಂದ್ರಕ್ಕೆ ಹೋಗಿ, ಗಾಯಕ್ಕೆ ಸೋಂಕು ತಗಲುತ್ತದೆ, ಹೊರಗಿನವರು ಬರಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದೆ. ಫಕೀರವ್ವ ಹಂಚಿನಿಂದ ಕಣ್ಣು ತೆಗೆಯದೆ, ಹಾಗಾದರೆ ಬರುವುದಿಲ್ಲ ಬಿಡು ಎಂದಳು. ಹೊರಗಿನವರು ಎಂದರೆ ತಾನೂ ಸೇರಿದೆನೇ ಎಂದು ಕೇಳಲಿಲ್ಲ. ಅಂದಿನಿಂದ ಪಲ್ಯದ ಡಬ್ಬಿಯನ್ನು ಹೊಸ್ತಿಲ ಹೊರಗೆ ಇಟ್ಟು, ಓಣಿಯಲ್ಲೇ ನಿಂತು ಅವ್ವನ ಹೆಸರು ಕೂಗಿ ಹೋಗುತ್ತಿದ್ದಳು. ಆ ಕೂಗಿಗೇ ದೀಪ ಒಂದು ಗಳಿಗೆ ಹಸಿರಾಗಿ ಮತ್ತೆ ಕೆಂಪಾಗುತ್ತಿತ್ತು. ನಾನು ಕಿಟಕಿ ಮುಚ್ಚತೊಡಗಿದೆ.

ಅವ್ವನ ಬಡಿತ ಹದಕ್ಕೆ ತರುವಂಥದ್ದು ಫಕೀರವ್ವನಲ್ಲಿ ಇರುವುದು ಏನು ಎಂದು ಯೋಚಿಸಿದೆ. ರೊಟ್ಟಿಯ ಸದ್ದಿರಬೇಕು ಎನ್ನಿಸಿತು. ಒಂದು ಮಧ್ಯಾಹ್ನ ಕೇಂದ್ರದ ಹಿಂಬಾಗಿಲಲ್ಲಿ ನಿಂತು ಬಡಿಯುವ ಸದ್ದನ್ನು ಮೊಬೈಲಿನಲ್ಲಿ ತುಂಬಿಕೊಂಡು ಬಂದು, ಅವ್ವನ ತಲೆದಿಂಬಿನ ಬಳಿ ಇಟ್ಟೆ. ಅವ್ವ ಕಿವಿಗೊಟ್ಟು ಕೇಳಿದಳು. ಅವಳ ಹುಬ್ಬು ಗಂಟಾಯಿತು.

‘ಯಾರ ಬಡ್ಯಾಕತ್ತಾರ ಇದನ್ನ? ಕೈ ತಿರುವಾಕ ಬರೂದಿಲ್ಲ ಅಕಿಗೆ.’

ಅವ್ವನ ಜಾಗಕ್ಕೆ ಹೊಸಬಳು ಬಂದಿದ್ದಳು. ನನಗೆ ಅದು ನೆನಪೇ ಆಗಿರಲಿಲ್ಲ. ದೀಪ ಹಿಂದೆಂದೂ ಇಲ್ಲದಷ್ಟು ಕೆಂಪಾಯಿತು. ಸದ್ದು ನಿಲ್ಲಿಸಿ ಅವಳ ಕೈ ಹಿಡಿದುಕೊಂಡು ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವ್ವ, ನನ್ನನ್ನು ಹಾಗೇಕೆ ನೋಡುತ್ತೀ ಎಂದು ಕೇಳಿದಳು. ನಾನು ಅವಳನ್ನು ನೋಡುತ್ತಿರಲಿಲ್ಲ, ದೀಪವನ್ನು ನೋಡುತ್ತಿದ್ದೆ.

ಆಸ್ಪತ್ರೆಗೆ ಸೇರುವ ದಿನ ಸೋದರಮಾವ ರುಮಾಲು ಸುತ್ತಿಕೊಂಡು, ಹೆಣ್ಣು ನೋಡಲು ಬಂದವನಂತೆ ಬಂದಿದ್ದ. ಅತ್ತೆ ರೇಷ್ಮೆ ಸೀರೆ ಉಟ್ಟಿದ್ದಳು. ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಅವ್ವನ ಕೈ ಹಿಡಿದು ಕೂತರು. ಇಬ್ಬರಿಗೂ ಕೆಂಪು. ತನ್ನ ಒಡಹುಟ್ಟಿದವಳಿಗೆ ತಾನು ಬೇಡವಾದೆನೇ ಎಂದು ಮಾವ ಚಹಾ ಸಹ ಕುಡಿಯದೆ ಬಸ್‌ ಹತ್ತಿದ. ಯಂತ್ರ ನೋಡಿಕೊಳ್ಳುವ ದಾದಾಪೀರ್ ನನ್ನ ಕಡೆ ತಿರುಗಿದ. ಮಗಳು ಕೂತಾಗಲೂ ಬಡಿತ ಹದಕ್ಕೆ ಬರುತ್ತಿಲ್ಲವೆಂದು ಮುಖ ಸಣ್ಣ ಮಾಡಿಕೊಂಡು ಹೇಳಿ, ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಿದ.

ಯಾರೂ ಇಲ್ಲ ಎಂದೆ.

ಅವ್ವ ತಳ್ಳುಗಾಡಿಯ ಮೇಲೆ ಮಲಗಿದ್ದಳು. ನನ್ನ ಮಾತು ಅವಳಿಗೆ ಕೇಳಿಸಿತ್ತು. ಚಾವಣಿ ನೋಡುತ್ತ, ‘ನನ್ನ ಮಗಳ ಕುಂಡ್ರಲೆಪಾ,’ ಎಂದಳು. ‘ಅಕೀನ ಸಾಕು.’

ಅವ್ವ ನನ್ನನ್ನು ಆರಿಸಿಕೊಂಡಳೆಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಕಿರಣ ತಡೆಯುವ ಸೀಸದ ಅಂಗಿ ತೊಡಿಸುವವರೆಗೂ ಬೇರೆ ಯೋಚನೆಯೇ ಬರಲಿಲ್ಲ. ಆಮೇಲೆ ವರಾಂಡದ ಕಿಟಕಿಯಿಂದ ಕೆಳಗೆ ನೋಡಿದೆ. ರಸ್ತೆಯಾಚೆಯ ಚಹಾದಂಗಡಿಯ ಮುಂದೆ, ಮೋರಿಯ ಕಟ್ಟೆಯ ಮೇಲೆ ಫಕೀರವ್ವ ಕೂತಿದ್ದಳು. ಪಕ್ಕದಲ್ಲಿ ಬಟ್ಟೆಯ ಗಂಟು. ಹೊರಗಿನವರು ಬರಬಾರದೆಂದು ಹೇಳಿದ್ದೆನಲ್ಲ, ಅದಕ್ಕೇ ಹೊರಗೇ ಕೂತಿದ್ದಳು. ನಾನು ಕಿಟಕಿಯಿಂದ ಸರಿದು ತಂತಿ ಏರಿಸುವ ಕ್ಯಾಥ್ ಲ್ಯಾಬಿನ ಒಳಗೆ ನಡೆದೆ.

ಅವ್ವನನ್ನು ಕಿರಿದಾದ ಹಲಗೆಯಂಥ ಮೇಜಿನ ಮೇಲೆ ಅಂಗಾತ ಮಲಗಿಸಿದ್ದರು. ಸುಟ್ಟ ಚೌಕ ಕೆಳಗಿತ್ತು. ಕಿರಣ ಬರುವುದೂ ಕೆಳಗಿನಿಂದಲೇ. ನನ್ನನ್ನು ಅವಳ ಎಡಕ್ಕೆ, ಸೀಸದ ತಡಿಕೆಯ ಹಿಂದೆ ಕೂರಿಸಿದರು. ತಡಿಕೆಯಲ್ಲಿದ್ದ ಕಿಂಡಿಯಿಂದ ನನ್ನ ಕೈ ಮಾತ್ರ ಆಚೆ ಹೋಗಿ ಅವಳ ಕೈ ಹಿಡಿಯಬೇಕು. ತಡಿಕೆಯ ಮೇಲ್ಭಾಗದ ಗಾಜಿನಲ್ಲಿ ಅವಳ ಮುಖ ಕಾಣುತ್ತಿತ್ತು. ಬಲ ಮಣಿಕಟ್ಟಿನ ನಾಳದಿಂದ ಡಾಕ್ಟರ್ ಮೇಡಂ ತಂತಿ ಏರಿಸಿದರು. ಎದುರಿನ ಪರದೆಯಲ್ಲಿ ಹೃದಯದ ನಾಳಗಳು ಒಣಗಿಡದ ಕೊಂಬೆಗಳಂತೆ ಕಂಡು ಮಾಯವಾದವು. ಪರದೆಯ ಬದಿಯಲ್ಲಿ ಒಂದು ಬಿಳಿ ಕಂಬ. ಅವ್ವನ ಬೆನ್ನಿಗೆ ಬಿದ್ದ ಕಿರಣದ ಲೆಕ್ಕ ಅದು. ಕಂಬದ ಮೇಲ್ಗಡೆ ಒಂದು ಅಡ್ಡಗೆರೆ ಎಳೆದಿದ್ದರು. ಅದನ್ನು ಮುಟ್ಟಿದರೆ ತಂತಿ ಹೊರಗೆ ತೆಗೆದುಬಿಡುತ್ತೇನೆ, ನಾಳ ತೆರೆದಿರಲಿ ಬಿಡಲಿ ಎಂದು ಮೇಡಂ ಮೊದಲೇ ಹೇಳಿದ್ದರು.

ದೀಪ ಕೆಂಪಗಿತ್ತು. ಯಂತ್ರಕ್ಕೆ ಅಂದಾಜು ಸಿಗಲಿಲ್ಲ. ಗುಂಯ್ ಎಂಬ ಸದ್ದು ಬಿಡದೆ ಕೇಳುತ್ತಿತ್ತು, ಕಂಬ ಏರಿತು. ಸಮಾಧಾನವಾಗಿರಿ ಎಂದು ದಾದಾಪೀರ್ ಗಾಜಿನಾಚೆಯ ಕೋಣೆಯಿಂದ ಸ್ಪೀಕರಿನಲ್ಲಿ ಹೇಳಿದ. ಅವ್ವನಿಗೆ ಹೇಳಿದನೋ ನನಗೆ ಹೇಳಿದನೋ. ನಾನು ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದೆ. ಕಂಬ ಅರ್ಧ ದಾಟಿತು. ತಂತಿ ಇನ್ನೂ ನಾಳದ ಬಾಯಲ್ಲೇ ತಡಕಾಡುತ್ತಿತ್ತು.

ಆಗ ಅವ್ವನ ಮುಖ ನೋಡಿದೆ. ಅವಳು ತುಟಿ ಬಿಗಿದು, ಉಸಿರು ಹಿಡಿದು, ಕತ್ತು ಓರೆ ಮಾಡಿ ಮಣಿಕಟ್ಟಿನ ದೀಪವನ್ನೇ ನೋಡುತ್ತಿದ್ದಳು. ಮಗ್ಗಿ ಮರೆತ ಹುಡುಗಿ ಮಾಸ್ತರರ ಮುಂದೆ ನಿಂತ ಹಾಗಿತ್ತು ಅವಳ ಮುಖ. ನನಗಾಗಿ ಅದನ್ನು ಹಸಿರು ಮಾಡಲು ಹೆಣಗುತ್ತಿದ್ದಳು. ಹೆಣಗಿದಷ್ಟೂ ಅದು ಕೆಂಪಾಗುತ್ತಿತ್ತು. ಕೆಂಪಾದಷ್ಟೂ ಅವಳ ಬೆನ್ನಿಗೆ ಕಿರಣ ಬೀಳುತ್ತಿತ್ತು.

‘ನಿಲ್ಲಸ್ರಿ ಮೇಡಂ,’ ಎಂದೆ. ‘ಹೊರಗ ಚಾದಂಗಡಿ ಮುಂದ ಒಬ್ಬಾಕಿ ಕುಂತಾಳ. ಫಕೀರವ್ವ ಅಂತ. ಅಕಿನ್ನ ಕರಸ್ರಿ.’

ಮೇಡಂ ಕಿರಣ ಬಿಡುವ ಪೆಡಲಿನಿಂದ ಕಾಲು ತೆಗೆದರು. ಸದ್ದು ನಿಂತಿತು. ಬೇರೆ ಯಾರೂ ಇಲ್ಲ ಎಂದಿದ್ದಿರಲ್ಲ ಎಂದು ಯಾರೂ ಕೇಳಲಿಲ್ಲ. ಅವ್ವ ಮಾತ್ರ ನನ್ನ ಕೈಯನ್ನು ಬಿಡದೆ ಹಿಡಿದಿದ್ದಳು. ಬೆರಳು ಬೆರಳಾಗಿ ನಾನೇ ಬಿಡಿಸಿಕೊಳ್ಳಬೇಕಾಯಿತು.

ಫಕೀರವ್ವನನ್ನು ಕರೆತಂದು ಕೈಕಾಲು ತೊಳೆಸಿ, ಎಲೆ ಅಡಿಕೆ ಉಗುಳಿಸಿ, ಸೀಸದ ಅಂಗಿ ತೊಡಿಸಿದರು. ಜೋಳದ ಚೀಲ ಹೊರಿಸಿದ ಹಾಗಾಯಿತು ಎಂದು ಅವಳು ಗೊಣಗುವುದು ಗಾಜಿನ ಕೋಣೆಯಲ್ಲಿ ದಾದಾಪೀರನ ಪಕ್ಕ ನಿಂತಿದ್ದ ನನಗೆ ಸ್ಪೀಕರಿನಲ್ಲಿ ಕೇಳಿಸಿತು. ಅವಳು ಕೂತಳು. ಕಿಂಡಿಯಿಂದ ಕೈ ತೂರಿಸಿ ಅವ್ವನ ಕೈಯನ್ನು ಹುಡುಕಿ ಹಿಡಿದಳು.

‘ಏನ, ನೀಲವ್ವಾ.’

‘ಏನಿಲ್ಲ. ಬಾ.’

ಅಷ್ಟೇ. ಆಮೇಲೆ ಫಕೀರವ್ವ, ಹೊಸ ಹುಡುಗಿ ಹಿಟ್ಟು ಹೇಗೆ ಹಾಳು ಮಾಡುತ್ತಾಳೆಂದು ಹೇಳತೊಡಗಿದಳು. ಉಪ್ಪಿನಬೆಟಗೇರಿಯ ಮದುವೆಯವರು ಕಟಕ ರೊಟ್ಟಿ ಕೇಳಿ ಮೆತ್ತನೆಯದು ಒಯ್ದದ್ದನ್ನು ಹೇಳಿದಳು. ಅವ್ವ ಹೂಂಗುಟ್ಟಿದಳು. ಮಾತು ನಿಧಾನವಾಯಿತು. ನಡುನಡುವೆ ನಿಂತಿತು. ಫಕೀರವ್ವನ ತಲೆ ಮುಂದಕ್ಕೆ ಬಾಗಿ, ತಡಿಕೆಗೆ ತಾಗಿ, ಅಲ್ಲಿಯೇ ನಿಂತಿತು. ಹಿಂದಿನ ದಿನದ ರೊಟ್ಟಿ ಮುಗಿಸಿ, ನಸುಕಿನ ಗಾಡಿ ಹಿಡಿದು ಬಂದವಳು, ನಿದ್ದೆ ಹೋಗಿದ್ದಳು.

‘ಮೇಡಂ, ಆಸರೆ ಮಲ್ಕೊಂಡ್ರಿ,’ ಎಂದು ದಾದಾಪೀರ್ ಗಾಬರಿಯಿಂದ ಮೈಕಿಗೆ ಹೇಳಿ, ಎಬ್ಬಿಸಲು ಎದ್ದ. ಒಳಗೆ ಮೇಡಂ ತಿರುಗಿ ನೋಡದೆ ಕೈ ಎತ್ತಿ ತಡೆದರು.

ಅವ್ವನ ಮಣಿಕಟ್ಟು ಹಸಿರಾಗಿತ್ತು. ಗುಂಯ್ ಎನ್ನುತ್ತಿದ್ದ ಯಂತ್ರ ಈಗ ಟಿಕ್ ಎಂದು, ಸುಮ್ಮನಿದ್ದು, ಮತ್ತೆ ಟಿಕ್ ಎಂದಿತು. ಬಡಿತಕ್ಕೊಂದು ಚಿತ್ರ. ಪರದೆಯಲ್ಲಿ ಕೊಂಬೆಗಳು ನಿಂತಲ್ಲೇ ನಿಂತವು. ತಂತಿ ಇರುವೆಯಂತೆ ನಾಳದೊಳಗೆ ಹರಿದು, ಕಟ್ಟಿಕೊಂಡ ಜಾಗವನ್ನು ಕೊರೆದು ಆಚೆಗೆ ಇಳಿಯಿತು. ಅದರ ಹಿಂದೆಯೇ ನಾಳವನ್ನು ತೆರೆದಿಡುವ ಸ್ಟೆಂಟ್ ಹೋಗಿ ಕೂತಿತು. ಬಿಳಿ ಕಂಬ ನಾನು ಬಿಟ್ಟುಬಂದ ಜಾಗದಿಂದ ಬೆರಳಿನ ದಪ್ಪದಷ್ಟೂ ಏರಲಿಲ್ಲ.

ಕೆಲವರು ಹತ್ತಿರವಿದ್ದರೆ ರೋಗಿಗೆ ತಾನು ರೋಗಿ ಎಂಬುದೇ ಮರೆತುಹೋಗುತ್ತದೆ ಎಂದು ದಾದಾಪೀರ್ ತನ್ನಷ್ಟಕ್ಕೆ ಹೇಳಿಕೊಂಡ. ನನ್ನನ್ನು ಸಮಾಧಾನ ಮಾಡಲು ಹೇಳಿದ್ದಲ್ಲ, ಅದಕ್ಕೇ ಅದು ನನ್ನೊಳಗೆ ನಾಟಿತು. ನನ್ನನ್ನು ಕಂಡಾಗಲೆಲ್ಲ ಅವ್ವನಿಗೆ ನೆನಪಾಗುತ್ತಿದ್ದದ್ದು ತನ್ನ ಬೆನ್ನು. ವರ್ಷವಿಡೀ ಕಣ್ಣು ತೆಗೆಯದೆ ಅವಳನ್ನು ಕಾದಿದ್ದೆ. ಕಣ್ಣು ಮುಚ್ಚಿ ಗೊರಕೆ ಹೊಡೆಯುವವಳು ಬೇಕಾಗಿತ್ತು ಅವಳಿಗೆ. ನಾಳ ತೆರೆಯಿತೆಂದು ಎಲ್ಲರೂ ಉಸಿರು ಬಿಟ್ಟರು. ನಾನೂ ಬಿಟ್ಟೆ. ಆದರೆ ಗಾಜಿನಾಚೆ ಕೂಡಿಕೊಂಡಿದ್ದ ಆ ಎರಡು ಕೈಗಳನ್ನು ನೋಡುತ್ತಿದ್ದ ನನ್ನೊಳಗೆ ಏನೋ ಹಂಚಿನ ಮೇಲೆ ಬಿದ್ದ ನೀರಿನ ಹಾಗೆ ಚುಂಯ್‌ಗುಟ್ಟುತ್ತಲೇ ಇತ್ತು.

ಅವ್ವನನ್ನು ವಾರ್ಡಿಗೆ ತಂದು ಬಲ ಮಗ್ಗುಲಿಗೆ ಮಲಗಿಸಿದರು. ಪಟ್ಟಿ ಬಿಚ್ಚುವವರೆಗೂ ಆಸರೆ ಪಕ್ಕದಲ್ಲೇ ಇರಬೇಕೆಂಬುದು ಅಲ್ಲಿಯ ನಿಯಮ. ಫಕೀರವ್ವ ಅದಕ್ಕೆ ಇದ್ದ ಸ್ಟೂಲಿನ ಮೇಲೆ ತನ್ನ ಬಟ್ಟೆಯ ಗಂಟು ಇಟ್ಟು, ತಾನು ಮಂಚದ ಮೇಲೇ ಕೂತಳು; ಕೂತವಳು ಅವ್ವನ ಕಾಲ ಬದಿಗೆ ಒರಗಿದಳು; ಒರಗಿದವಳ ಬಾಯಿ ಸ್ವಲ್ಪ ಹೊತ್ತಿನಲ್ಲೇ ತೆರೆದುಕೊಂಡಿತು. ಅವ್ವನಿಗಾಗಲೇ ನಿದ್ದೆ ಹತ್ತಿತ್ತು. ಒಬ್ಬಳ ಕೈ ಇನ್ನೊಬ್ಬಳ ಕೈಯಲ್ಲಿ. ನರ್ಸ್ ಬಾಟಲಿಯ ಹನಿ ಸರಿಮಾಡಿ, ಪರದೆ ಎಳೆದು ಹೋದಳು.

ಮಂಚದ ಆಚೆ ಬದಿಗೆ ಗೋಡೆ. ಈಚೆ ಬದಿಯಲ್ಲಿ ನಾನು ನಿಂತಿದ್ದೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ಅವರಿಬ್ಬರ ಕಾಲ ಮೇಲೆ ಬಿದ್ದಿತ್ತು. ಪಟ್ಟಿಯ ಕಡೆ ನೋಡಬಾರದೆಂದುಕೊಂಡೆ. ನೋಡಿದೆ. ಹಸಿರೇ ಇತ್ತು. ಗಾಜಿನ ಕೋಣೆಯಿಂದಲೂ ನಿಂತೇ ಇದ್ದ ನನ್ನ ಕಾಲುಗಳು ಸೋತಿದ್ದವು.

‘ಚಿಗವ್ವಾ,’ ಎಂದೆ. ‘ಜರಾ ಅತ್ತಾಗ ಸರಿ. ನನಗೂ ಕುಂಡ್ರಾಕ ಜಾಗಾ ಬೇಕು.’